ಸೀಸೆ ಚಿಕ್ಕದು, ಸತ್ವ ದೊಡ್ಡದು
ಕಾಯಿಲೆಯ ಮನೆಯಲ್ಲಿ ನೀಲಗಿರಿ ಎಣ್ಣೆ, ಕರ್ಪೂರ, ಅಮೃತಧಾರೆ ಬಳಸುವ ಮುನ್ನ

ಜೂನ್ ಎರಡನೆಯ ವಾರ ಕಳೆದು ಮಳೆ ಹಿಡಿಯಿತೆಂದರೆ ಟಿಟ್ವಾಳಾದಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ಕಪಾಟುಗಳ ಕ್ರಮವೇ ಬದಲಾಗುತ್ತದೆ. ಬೇಸಿಗೆಯಲ್ಲಿ ಮುಂದಿದ್ದ ಗ್ಲೂಕೋಸ್ ಡಬ್ಬಿ ಹಿಂದೆ ಸರಿಯುತ್ತದೆ. ನೀಲಗಿರಿ ಎಣ್ಣೆ, ಮುಲಾಮು, ಇನ್‌ಹೇಲರ್ ಕಡ್ಡಿ, ಆವಿ ಯಂತ್ರ ಮುಂದೆ ಬರುತ್ತವೆ. ಕಸಾರಾ ಲೋಕಲ್‌ನಲ್ಲಿ ಒದ್ದೆ ಬಟ್ಟೆಯಲ್ಲೇ ಒಂದೂವರೆ ತಾಸಿಗೂ ಮಿಕ್ಕಿ ನಿಂತು ಬರುವ ಜನ, ಕಾಳೂ ನದಿಯ ಕಡೆಯಿಂದ ಬೀಸುವ ಶೀತಗಾಳಿ, ಬಟ್ಟೆ ಒಣಗದ ಮನೆಗಳು. ನೆಗಡಿ ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬಂತು.

ಕೌಂಟರಿನ ಆಚೆ ನಿಂತವರು ಕನ್ನಡದವರೆಂದು ಗೊತ್ತಾದರೆ ಮಾತು ತನ್ನಿಂತಾನೇ ಊರ ಭಾಷೆಗೆ ಹೊರಳುತ್ತದೆ. "ಪುಳ್ಳಿಗೆ ಶೀತ ಆಗಿದೆ ಮಾರಾಯ್ರೇ, ನೀಲಗಿರಿ ಎಣ್ಣೆ ಎರಡು ಹನಿ ಮೂಗಿಗೆ ಬಿಟ್ಟರೆ ಆಗ್ತದಾ?" ಪುಳ್ಳಿಗೆ ಎಷ್ಟು ವಯಸ್ಸು ಎಂದು ಕೇಳಿದರೆ, "ನಾಲ್ಕು ತಿಂಗಳು" ಎಂಬ ಉತ್ತರ. ಇಂಥ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಹತ್ತಾರು ಬಾರಿ ಬರುತ್ತದೆ. "ಬೇಡ ಅಮ್ಮ, ಖಂಡಿತ ಬೇಡ" ಎಂದರೆ ಕೆಲವರಿಗೆ ಅಸಮಾಧಾನ. "ನಾವು ಮಾಡಿಕೊಂಡೇ ಬಂದದ್ದಲ್ವಾ? ಎಲೆಯ ರಸ, ಇದರಲ್ಲಿ ಏನು ವಿಷ?" ಕೌಂಟರಿನಲ್ಲಿ ಇದಕ್ಕೆ ಸಮಾಧಾನವಾಗಿ ಉತ್ತರಿಸಲು ಪುರುಸೊತ್ತು ಸಿಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲೆಯ ರಸವಲ್ಲ, ಎಲೆಯ ಸಾರ

ಸುಗಂಧ ತೈಲವೆಂದರೆ ಅಡುಗೆ ಎಣ್ಣೆಯಂಥ ಎಣ್ಣೆಯಲ್ಲ. ಎಲೆ, ಹೂವು, ತೊಗಟೆಗಳನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿ ತೆಗೆದ ಸಾರ ಅದು. ಈ ವಿದ್ಯೆ ನಮಗೆ ಹೊಸದೇನಲ್ಲ. ಮೈಸೂರು ಸಂಸ್ಥಾನ 1916ರಲ್ಲೇ ಶ್ರೀಗಂಧದ ಎಣ್ಣೆಯನ್ನು ಭಟ್ಟಿ ಇಳಿಸಲು ಆರಂಭಿಸಿತ್ತು. ನೂರು ಕಿಲೋ ನೀಲಗಿರಿ ಎಲೆಗೆ ಒಂದೆರಡು ಕಿಲೋ ಎಣ್ಣೆ ಸಿಕ್ಕರೆ ಹೆಚ್ಚು. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ನಾಲ್ಕು ಟನ್ ಪಕಳೆ ಬೇಕು. ಹಾಗಾಗಿ ತುಳಸಿಯ ನಾಲ್ಕು ಎಲೆ ಹಾಕಿ ಕುದಿಸಿದ ಕಷಾಯಕ್ಕೂ ತುಳಸಿ ಎಣ್ಣೆಯ ನಾಲ್ಕು ಹನಿಗೂ ಹೋಲಿಕೆಯೇ ಇಲ್ಲ. ಮೊದಲನೆಯದು ಅಡುಗೆಮನೆಯದು, ಎರಡನೆಯದು ಔಷಧದ ಕಪಾಟಿನದು.

ನಮ್ಮ ಮನೆಗಳಲ್ಲಿರುವ ಅತಿ ಪ್ರಬಲ ಮಿಶ್ರಣ ಯಾವುದೆಂದು ಕೇಳಿದರೆ ನಾನು ಅಮೃತಧಾರೆ ಎನ್ನುತ್ತೇನೆ. ಪುದೀನ ಹೂವು, ಓಮದ ಹೂವು, ಕರ್ಪೂರ ಮೂರನ್ನೂ ಸಮಭಾಗ ಸೀಸೆಗೆ ಹಾಕಿ ಅಲುಗಾಡಿಸಿದರೆ ಸಾಕು, ಬೆಂಕಿಯಿಲ್ಲದೆ, ನೀರಿಲ್ಲದೆ ಮೂರೂ ಕರಗಿ ದ್ರವವಾಗುತ್ತವೆ. ಮೂರು ಹರಳುಗಳೂ ಒಂದರ ಕರಗುವ ಬಿಂದುವನ್ನು ಇನ್ನೊಂದು ಇಳಿಸುವುದರಿಂದ ಹೀಗಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಆ ಸೀಸೆಯಲ್ಲಿ ಮೂರನೇ ಒಂದು ಪಾಲು, ಅಂದರೆ ಶೇಕಡಾ 33ರಷ್ಟು ಕರ್ಪೂರವಿದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1980ರ ದಶಕದ ಆರಂಭದಲ್ಲಿ, ಮಕ್ಕಳು ಕರ್ಪೂರದೆಣ್ಣೆ ಕುಡಿದು ಅಪಾಯಕ್ಕೀಡಾದ ಪ್ರಕರಣಗಳನ್ನು ನೋಡಿ ಆ ಎಣ್ಣೆಯ ಮಾರಾಟವನ್ನೇ ನಿಲ್ಲಿಸಿತು. ಮುಲಾಮುಗಳಲ್ಲಿ ಕರ್ಪೂರ ಶೇಕಡಾ 11ನ್ನು ಮೀರಬಾರದೆಂದಿತು. ಮನೆಯಲ್ಲಿ ಮಾಡಿದ ಅಮೃತಧಾರೆ ಆ ಮಿತಿಯ ಮೂರು ಪಟ್ಟು. ಹೊಟ್ಟೆನೋವಿಗೆ ಹಿರಿಯರು ನೀರಿಗೆ ಎರಡು ಹನಿ ಹಾಕಿ ಕುಡಿಯುವ ರೂಢಿಯಿದೆ. ಅದನ್ನು ಆಯುರ್ವೇದ ವೈದ್ಯರನ್ನು ಕೇಳಿಯೇ ಮಾಡಬೇಕು. ಚಿಕ್ಕ ಮಕ್ಕಳ ಬಾಯಿಗಂತೂ ಅದು ಹೋಗಲೇಬಾರದು.

ಬೆಂಗಳೂರಿನ ಲೆಕ್ಕ

"ಎಣ್ಣೆಯಿಂದ ಯಾರಿಗೆ ಏನಾಗಿದೆ ಹೇಳಿ" ಎಂದು ಕೇಳುವವರಿಗೆ ನಾನು ಬೆಂಗಳೂರಿನ ಉದಾಹರಣೆ ಕೊಡುತ್ತೇನೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು, ಫಿಟ್ಸ್ ಬಂದು ಆಸ್ಪತ್ರೆಗೆ ಬಂದ ವಯಸ್ಕರನ್ನು ನಾಲ್ಕು ವರ್ಷ ಕಾಲ ಒಂದು ಸರಳ ಪ್ರಶ್ನೆ ಕೇಳಿದರು: ಇದಕ್ಕೆ ಮುಂಚೆ ನೀವು ಯಾವುದಾದರೂ ಸುಗಂಧ ತೈಲ, ಮುಲಾಮು, ಕರ್ಪೂರ ಬಳಸಿದ್ದಿರಾ? ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನೋಡಿದ 350 ಜನರಲ್ಲಿ 55 ಮಂದಿಯ ಫಿಟ್ಸಿಗೆ ಇಂಥ ಎಣ್ಣೆಯ ಬಳಕೆಯೇ ಕಾರಣವೆಂದು ವೈದ್ಯರು ಗುರುತಿಸಿದರು. ಅವರಲ್ಲಿ 22 ಜನರಿಗೆ ಮೊದಲು ಆ ಕಾಯಿಲೆಯೇ ಇರಲಿಲ್ಲ. ಉಳಿದ 33 ಮಂದಿ ಈಗಾಗಲೇ ಅಪಸ್ಮಾರ ಇದ್ದವರು. ಹತೋಟಿಯಲ್ಲಿದ್ದದ್ದು ಮತ್ತೆ ಕೆದರಿತ್ತು. ಮುಖ್ಯವಾಗಿ ಕಂಡ ಎರಡು ಹೆಸರುಗಳು ನೀಲಗಿರಿ ಮತ್ತು ಕರ್ಪೂರ.

ಮುಲಾಮು ಹಚ್ಚಿದವರಿಗೆಲ್ಲ ಫಿಟ್ಸ್ ಬರುತ್ತದೆಂದು ಇದರ ಅರ್ಥವಲ್ಲ. ಕೋಟಿಗಟ್ಟಲೆ ಜನ ದಿನಾ ಹಚ್ಚುತ್ತಾರೆ, ಅವರಿಗೇನೂ ಆಗುವುದಿಲ್ಲ. ಆದರೆ ಕರ್ಪೂರವೂ ನೀಲಗಿರಿಯ ಮುಖ್ಯ ಅಂಶವಾದ ಸಿನಿಯೋಲ್ ಕೂಡ ಮಿದುಳನ್ನು ಉದ್ರೇಕಿಸಬಲ್ಲವು. ಮನೆಯಲ್ಲಿ ಅಪಸ್ಮಾರಕ್ಕೆ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಜ್ವರ ಬಂದಾಗ ಫಿಟ್ಸ್ ಬರುವ ಮಗುವಿದ್ದರೆ, ಇವೆರಡರಿಂದ ದೂರವಿರುವುದೇ ಸರಿ. ಫಿಟ್ಸ್ ಬಂದವರನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ಈ ಎಣ್ಣೆಗಳ ಸಂಗತಿಯನ್ನೂ ಹೇಳಬೇಕು. ಡಾಕ್ಟರು ಮದ್ದಿನ ಪಟ್ಟಿ ಕೇಳಿದಾಗ ಮುಲಾಮಿನ ಹೆಸರು ಹೇಳುವವರು ವಿರಳ. ಅದು ಮದ್ದು ಎಂದೇ ನಮಗೆ ಅನ್ನಿಸುವುದಿಲ್ಲ.

ಮಕ್ಕಳಿರುವ ಮನೆ

ಮೆಲ್ಬೋರ್ನ್‌ನ ಮಕ್ಕಳ ಆಸ್ಪತ್ರೆಯೊಂದು ತನ್ನ ಹಳೆಯ ಕಡತಗಳನ್ನು ತೆರೆದು 1995ರಲ್ಲಿ ಒಂದು ವರದಿ ಪ್ರಕಟಿಸಿತು. 1981ರಿಂದ 1992ರವರೆಗಿನ ಹನ್ನೆರಡು ವರ್ಷಗಳಲ್ಲಿ ನೀಲಗಿರಿ ಎಣ್ಣೆ ಕುಡಿದು ಅಲ್ಲಿ ದಾಖಲಾದ ಮಕ್ಕಳು 109. ನೀಲಗಿರಿ ಮರದ ತವರುನಾಡಿನಲ್ಲೇ ಈ ಪಾಡು. ಒಂದು ಚಹಾ ಚಮಚ, ಅಂದರೆ 5 ಮಿಲಿ ಎಣ್ಣೆ ಮಗುವನ್ನು ಪ್ರಜ್ಞೆ ತಪ್ಪಿಸಲು ಸಾಕು. ಇನ್ನೂ ಕಡಿಮೆಗೂ ಮಂಪರು, ವಾಂತಿ ಬರಬಹುದು. ಕರ್ಪೂರವಾದರೆ ಒಂದು ಗ್ರಾಂ ಎಳೆಯ ಮಗುವಿನ ಪ್ರಾಣ ತೆಗೆದ ದಾಖಲೆಗಳಿವೆ. ಅದು ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ತರಬಲ್ಲದು.

ಟಿಟ್ವಾಳಾ ಮಹಾಗಣಪತಿಯ ಊರು. ಚೌತಿ ಬಂದರೆ ಮನೆಮನೆಯಲ್ಲೂ ಕರ್ಪೂರದ ಡಬ್ಬಿ ನೆಲಮಟ್ಟದ ಪೂಜೆಯ ತಟ್ಟೆಯಲ್ಲೇ ಇರುತ್ತದೆ. ಬಿಳಿ ಬಿಲ್ಲೆ ಅಂಬೆಗಾಲಿಡುವ ಮಗುವಿಗೆ ಪೆಪ್ಪರ್‌ಮಿಂಟಿನಂತೆ ಕಾಣುತ್ತದೆ. ಇಲ್ಲಿ ಇನ್ನೊಂದು ಮಾತು: ಲಾಡಿಗೆ ಹಾಕುವ ಪಚ್ಚಕರ್ಪೂರ ಬೇರೆ, ಆರತಿಯ ಬಿಲ್ಲೆ ಬೇರೆ. ಪೂಜೆಯ ಕರ್ಪೂರವನ್ನು ಸಾಮಾನ್ಯವಾಗಿ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಅದು ತಿನ್ನುವ ವಸ್ತುವಲ್ಲ. ಹಾಗೆಯೇ ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆ ಕರ್ಪೂರವಲ್ಲ, ನ್ಯಾಫ್ತಲೀನ್. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಅದರ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಬರಬಹುದು.

ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಪುದೀನ ಹೂವು, ನೀಲಗಿರಿ ಇರುವ ಮುಲಾಮನ್ನು ಹಚ್ಚಲೇಬಾರದು. ಶಿಶುವಿನ ಮೂಗಿನ ಬಳಿ ಪುದೀನ ಹೂವಿನ ಘಾಟು ತಾಗಿದರೆ ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯವಿದೆ. ಕೈಯಲ್ಲಿ ಮುಲಾಮು ಹಚ್ಚಿಕೊಂಡ ಅಜ್ಜಿ ಆ ಕೈಯಿಂದಲೇ ಮಗುವಿನ ಮುಖ ಒರೆಸುವುದೂ ಬೇಡ. ಶೀತಕ್ಕೆ ಎಳೆಯ ಮಗುವಿನ ಮೂಗಿಗೆ ಮೆಡಿಕಲ್‌ನಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಸಾಕು, ಅದರ ಜತೆ ತಾಯಿಯ ಹಾಲು. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ ಕಾಯುವುದು ಬೇಡ, ಡಾಕ್ಟರ ಹತ್ತಿರ ಹೋಗಿ.

ಊರಿನ ಮನೆ, ಇಲ್ಲಿನ ಕೋಣೆ

ಬಾಣಂತಿಗೂ ಮಗುವಿಗೂ ಸ್ನಾನದ ಬಳಿಕ ಧೂಪ ಹಾಕುವುದು ನಮ್ಮಲ್ಲೂ ಇದೆ, ಮರಾಠಿಯವರಲ್ಲೂ ಇದೆ. ಅವರು ಓಮ ಹಾಕಿ ಧುರಿ ಕೊಡುತ್ತಾರೆ. ಊರಿನಲ್ಲಿ ಹಂಚಿನ ಮಾಡು, ಸಂದುಗಳಿಂದ ಹೊಗೆ ಹೊರಗೆ ಹೋಗುತ್ತಿತ್ತು. ಇಲ್ಲಿ ಹತ್ತಡಿ ಹತ್ತಡಿಯ ಕೋಣೆ, ಸೊಳ್ಳೆ ಬರುತ್ತದೆಂದು ಮುಚ್ಚಿದ ಕಿಟಕಿ, ಅದರೊಳಗೆ ಕೆಮ್ಮುವ ಅಪ್ಪ, ನೆಗಡಿಯ ಮಗು, ಮೂಲೆಯಲ್ಲಿ ಉರಿಯುವ ಕಾಯಿಲ್. ಅಜ್ಜಿಯ ಅಳತೆ ಅಜ್ಜಿಯ ಮನೆಗೆ ಸರಿಯಾಗಿತ್ತು. ಅದೇ ಅಳತೆ ಒನ್ ಆರ್‌ಕೆಗೆ ಹೆಚ್ಚಾಗುತ್ತದೆ.

ಆಸ್ತಮಾ ಇರುವವರಿಗೆ ಯಾವುದೇ ಘಾಟು ವಾಸನೆ ಉಬ್ಬಸ ತರಬಹುದು, ಅದು ಲ್ಯಾವೆಂಡರ್ ಆದರೂ ಸರಿ. ಈಗ ಮದುವೆಯ ಉಡುಗೊರೆಯಾಗಿಯೂ ಬರುವ ಡಿಫ್ಯೂಸರ್ ಯಂತ್ರವನ್ನು ರೋಗಿಯ ಕೋಣೆಯಲ್ಲಿ ಇಡೀ ರಾತ್ರಿ ಓಡಿಸುವವರಿದ್ದಾರೆ. ಎರಡು ಮೂರು ಹನಿ, ಹದಿನೈದರಿಂದ ಮೂವತ್ತು ನಿಮಿಷ, ಕಿಟಕಿ ತೆರೆದಿರಲಿ, ಅಷ್ಟು ಸಾಕು. ಗರ್ಭಿಣಿಯರು, ಶಿಶುಗಳು, ಆಸ್ತಮಾ ರೋಗಿಗಳು ಇರುವ ಕೋಣೆಯಲ್ಲಿ ಅದೂ ಬೇಡ.

ಆವಿಯ ವಿಷಯದಲ್ಲಿ ಎಣ್ಣೆಗಿಂತ ದೊಡ್ಡ ಅಪಾಯ ಕುದಿನೀರು. 2020ರಲ್ಲಿ ಕೋವಿಡ್ ಭಯಕ್ಕೆ ಎಲ್ಲರೂ ಆವಿ ಹಿಡಿಯತೊಡಗಿದಾಗ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಸುಟ್ಟಗಾಯ ವಿಭಾಗದಲ್ಲಿ ಆವಿಯ ಪಾತ್ರೆ ಮಗುಚಿ ಸುಟ್ಟುಕೊಂಡ ಪ್ರಕರಣಗಳು ಮೂವತ್ತು ಪಟ್ಟು ಹೆಚ್ಚಾದವೆಂದು ಅಲ್ಲಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಮಂಚದ ಮೇಲೆ, ತೊಡೆಯ ಮೇಲೆ ಪಾತ್ರೆ ಇಟ್ಟು ಕಂಬಳಿ ಹೊದೆಯುವ ಪದ್ಧತಿ ನಿಲ್ಲಬೇಕು. ದೊಡ್ಡವರು ಮೇಜಿನ ಮೇಲಿಟ್ಟು ಬರಿಯ ನೀರಿನ ಆವಿ ಹಿಡಿದರೂ ಮೂಗು ಸಡಿಲವಾಗುತ್ತದೆ. ಎಣ್ಣೆ ಬೇಕೇ ಬೇಕೆಂದರೆ ಒಂದು ಹನಿ, ಕಣ್ಣು ಮುಚ್ಚಿಕೊಂಡು. ಮಕ್ಕಳಿಗೆ ಕುದಿನೀರಿನ ಆವಿ ಬೇಡ.

2021ರ ಪೊಟ್ಟಣ

2021ರ ಏಪ್ರಿಲ್, ಮೇ ತಿಂಗಳನ್ನು ನಾವು ಯಾರೂ ಮರೆತಿಲ್ಲ. ಕಲ್ಯಾಣದಿಂದ ಕಸಾರಾವರೆಗೆ ಆಮ್ಲಜನಕದ ಸಿಲಿಂಡರಿಗಾಗಿ ಫೋನು ಹಚ್ಚಿದವರೇ ಎಲ್ಲ. ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸಲಹೆ: ಕರ್ಪೂರ, ಲವಂಗ, ಓಮ, ನಾಲ್ಕು ಹನಿ ನೀಲಗಿರಿ ಎಣ್ಣೆ, ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ಆಮ್ಲಜನಕದ ಮಟ್ಟ ಏರುತ್ತದೆ. ಏರುವುದಿಲ್ಲ. ಪುದೀನ ಹೂವು, ಕರ್ಪೂರಗಳು ಮೂಗಿನ ಒಳಗೆ ತಂಪನ್ನು ಗ್ರಹಿಸುವ ನರಗಳನ್ನು ತಟ್ಟುತ್ತವೆ. ಗಾಳಿ ಸರಾಗವಾಗಿ ಹೋಗುತ್ತಿದೆ ಎಂದು ಮಿದುಳಿಗೆ ಅನ್ನಿಸುತ್ತದೆ. ಮೂಗಿನ ದಾರಿ ಮೊದಲಿನಷ್ಟೇ ಕಟ್ಟಿರುತ್ತದೆ, ಶ್ವಾಸಕೋಶದ ಸ್ಥಿತಿಯೂ ಬದಲಾಗಿರುವುದಿಲ್ಲ. ನೆಗಡಿಯಲ್ಲಿ ಈ ಭಾಸ ಒಳ್ಳೆಯದೇ, ನಿದ್ದೆ ಬರುತ್ತದೆ. ನ್ಯುಮೋನಿಯಾದಲ್ಲಿ ಅದೇ ಭಾಸ ಆಸ್ಪತ್ರೆಗೆ ಹೋಗುವುದನ್ನು ಒಂದು ದಿನ ಮುಂದೂಡಿಸಿಬಿಡಬಲ್ಲದು.

ನಮ್ಮ ಭಾಗದ ಮಳೆಗಾಲಕ್ಕೂ ಈ ಮಾತು ಸಲ್ಲುತ್ತದೆ. ಇಲ್ಲಿ ಜ್ವರವೆಂದರೆ ಬರಿಯ ಶೀತಜ್ವರವಲ್ಲ. ಮಲೇರಿಯಾ ಇದೆ, ಡೆಂಗ್ಯೂ ಇದೆ, ನೆರೆನೀರಿನಲ್ಲಿ ನಡೆದವರಿಗೆ ಇಲಿಜ್ವರವಿದೆ. ಇವಕ್ಕೆ ಎಣ್ಣೆ ಮದ್ದಲ್ಲ. ಜ್ವರ ಎರಡು ದಿನಕ್ಕೆ ಇಳಿಯದಿದ್ದರೆ ರಕ್ತಪರೀಕ್ಷೆ ಮಾಡಿಸಿ.

ನೋವಿನ ಎಣ್ಣೆಯ ಒಳಗೇನಿದೆ?

ಮರಾಠಿಯವರು ಗಂಧಪುರಾ ತೇಲ್ ಎನ್ನುವ, ಮಂಡಿನೋವಿಗೆ ತಿಕ್ಕುವ ಎಣ್ಣೆ ನಮ್ಮ ಹಿರಿಯರಿಗೂ ಅಚ್ಚುಮೆಚ್ಚು. ಅದು ವಿಂಟರ್‌ಗ್ರೀನ್ ಎಣ್ಣೆ. ಅದರಲ್ಲಿರುವುದು ಆಸ್ಪಿರಿನ್ನಿನ ಸೋದರಬಂಧು, ಮೀಥೈಲ್ ಸ್ಯಾಲಿಸಿಲೇಟ್. ಈ ಎಣ್ಣೆಯ ಒಂದು ಚಹಾ ಚಮಚ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ, ಅಂದರೆ ಇಪ್ಪತ್ತಕ್ಕೂ ಹೆಚ್ಚು ಮಾತ್ರೆ. ಚರ್ಮದ ಮೂಲಕವೂ ಇದು ರಕ್ತಕ್ಕೆ ಸೇರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಇದನ್ನು ಧಾರಾಳವಾಗಿ ತಿಕ್ಕಿಕೊಂಡು, ಮಾತ್ರೆಯ ಪರಿಣಾಮ ಮಿತಿಮೀರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಡೆಂಗ್ಯೂ ಜ್ವರದಲ್ಲಿ ಆಸ್ಪಿರಿನ್ ಬೇಡವೆನ್ನುವ ಕಾರಣಕ್ಕೇ, ಆಗ ಮೈಕೈ ನೋವಿಗೆ ಈ ಎಣ್ಣೆಯೂ ಬೇಡ. ನೋವಿನೆಣ್ಣೆ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಚರ್ಮ ಸುಡುತ್ತದೆ, ಎಣ್ಣೆಯೂ ಹೆಚ್ಚು ಒಳಗಿಳಿಯುತ್ತದೆ.

ಸುಗಂಧದ ಸೀಸೆಯಿಂದ ಇನ್ನೊಂದು ಬಗೆಯ ಕಾಯಿಲೆಯೂ ಬಂದದ್ದುಂಟು. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯೊಯಿಡೋಸಿಸ್ ಎಂಬ ಸೋಂಕು ತಗುಲಿ ಇಬ್ಬರು ತೀರಿಕೊಂಡರು. ಯಾರೂ ವಿದೇಶಕ್ಕೆ ಹೋದವರಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಒಬ್ಬರ ಮನೆಯಲ್ಲಿದ್ದ, ಭಾರತದಲ್ಲಿ ತಯಾರಾದ ಲ್ಯಾವೆಂಡರ್ ಪರಿಮಳದ ಸ್ಪ್ರೇಯಲ್ಲಿ ಆ ರೋಗಾಣು ಸಿಕ್ಕಿತು. ಅಕ್ಟೋಬರಿನಲ್ಲಿ ಸುಮಾರು 3,900 ಸೀಸೆಗಳನ್ನು ಹಿಂದಕ್ಕೆ ಪಡೆದರು. ಮಣ್ಣು ಮತ್ತು ನೀರಿನಲ್ಲಿರುವ ಈ ರೋಗಾಣು ನಮ್ಮ ಕರಾವಳಿಗೆ ಅಪರಿಚಿತವಲ್ಲ. ಮಣಿಪಾಲದ ವೈದ್ಯರು ಮಳೆಗಾಲದಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ ಇದನ್ನು ಕಾಣುತ್ತಲೇ ಇದ್ದಾರೆ. ನೀರಿಗೆ ಎಣ್ಣೆ ಬೆರೆಸಿದ ಸ್ಪ್ರೇ ಮನೆಯಲ್ಲಿ ಮಾಡಿಕೊಳ್ಳುವವರು ಕುದಿಸಿ ಆರಿಸಿದ ನೀರು ಬಳಸಿ, ಆ ದಿನದ್ದನ್ನು ಆ ದಿನವೇ ಮುಗಿಸಿ ಚೆಲ್ಲಬೇಕು. ತಿಂಗಳುಗಟ್ಟಲೆ ಇಡುವುದು ಬೇಡ.

ಹಾಗಾದರೆ ಬಳಸುವುದು ಹೇಗೆ?

ಇಷ್ಟೆಲ್ಲ ಹೇಳಿದೆನೆಂದು ಸೀಸೆಗಳನ್ನು ಚರಂಡಿಗೆ ಸುರಿಯಬೇಕಾಗಿಲ್ಲ. ಅಳತೆ ಗೊತ್ತಿದ್ದರೆ ಇವು ಒಳ್ಳೆಯ ಸಂಗಾತಿಗಳೇ.

ಮೈಗೆ ಹಚ್ಚುವ ಸುಗಂಧ ತೈಲವನ್ನು ಯಾವಾಗಲೂ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ ಬೆರೆಸಬೇಕು. ಸುಮಾರು 20 ಹನಿ ಸೇರಿದರೆ 1 ಮಿಲಿ. ಒಂದು ಚಹಾ ಚಮಚ ಕೊಬ್ಬರಿ ಎಣ್ಣೆಗೆ 2 ಹನಿ ಹಾಕಿದರೆ ಶೇಕಡಾ 2 ಆಯಿತು. ಆರೋಗ್ಯವಂತ ವಯಸ್ಕರಿಗೆ ಅದು ಸಾಕು. ವಯಸ್ಸಾದವರಿಗೆ, ತೆಳು ಚರ್ಮದವರಿಗೆ 1 ಹನಿ. ಮಿಶ್ರಣವೆಂದರೆ ಮೂರು ಎಣ್ಣೆಯ ಒಟ್ಟು ಹನಿಗಳ ಲೆಕ್ಕ, ಒಂದೊಂದರ ಎರಡೆರಡಲ್ಲ. ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಲಿಂಬೆ ಜಾತಿಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಕಪ್ಪಿಡಬಹುದು, ಬೊಬ್ಬೆ ಬರಬಹುದು. ಕಣ್ಣಿಗೆ ಎಣ್ಣೆ ತಾಗಿದರೆ ಹದಿನೈದು ನಿಮಿಷ ನೀರು ಹಾಯಿಸಿ. ಚರ್ಮದ ಮೇಲೆ ಉರಿ ಎದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬಳಿಕ ಸೋಪಿನಿಂದ ತೊಳೆಯಿರಿ.

ಸುಗಂಧ ತೈಲಗಳು ನಿಜವಾಗಿ ನೆರವಿಗೆ ಬರುವ ಒಂದು ಸಂದರ್ಭವನ್ನು ಕೋವಿಡ್ ನಮಗೆ ಕಲಿಸಿತು. ಸೋಂಕಿನ ಬಳಿಕ ವಾಸನೆ ಕಳೆದುಕೊಂಡವರಿಗೆ ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮ್ಮೆಲ್ ಮತ್ತು ಸಂಗಡಿಗರು 2009ರಲ್ಲೇ ಒಂದು ಅಭ್ಯಾಸ ಹೇಳಿದ್ದರು. ಗುಲಾಬಿ, ನೀಲಗಿರಿ, ಲಿಂಬೆ, ಲವಂಗ ಎಂಬ ನಾಲ್ಕು ವಾಸನೆಗಳನ್ನು ಬೆಳಗ್ಗೆ ಸಂಜೆ ಒಂದೊಂದಾಗಿ ಸುಮಾರು ಹತ್ತು ಸೆಕೆಂಡು ಮೂಸುವುದು, ಹನ್ನೆರಡು ವಾರ. ಚಿಕ್ಕ ಬಾಟಲಿಯ ಹತ್ತಿಗೆ ಎರಡು ಹನಿ ಹಾಕಿಟ್ಟರೆ ಸಾಕು, ಮೂಗಿಗೆ ತಾಗಿಸಬೇಕಾಗಿಲ್ಲ. ಖರ್ಚು ಕಡಿಮೆ, ಅಪಾಯವೂ ಕಡಿಮೆ. ಒಗ್ಗರಣೆಯ ವಾಸನೆಯೇ ಬಾರದ ಮನೆಯವರಿಗೆ ಅದರ ಬೆಲೆ ಗೊತ್ತು.

ನುಂಗಿಬಿಟ್ಟರೆ

ಮಗು ಎಣ್ಣೆ ಕುಡಿದರೆ, ಕರ್ಪೂರ ನುಂಗಿದರೆ ವಾಂತಿ ಮಾಡಿಸಬೇಡಿ. ಗಂಟಲಿಗೆ ಬೆರಳು, ಉಪ್ಪುನೀರು ಎರಡೂ ಬೇಡ. ಮೇಲೆ ಬರುವ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಹಾಲು ಕುಡಿಸುವುದೂ ಬೇಡ. ಬಾಯಿ ಒರೆಸಿ, ಸೀಸೆಯನ್ನು ಜತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ. ಮಗು ಆಟವಾಡುತ್ತಿದ್ದರೂ ಹೊರಡಿ. ಮಹಾರಾಷ್ಟ್ರದಲ್ಲೂ ಆಂಬ್ಯುಲೆನ್ಸ್ ಸಂಖ್ಯೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಕರೆ 1800 116 117. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಸಮಯ ನೋಡಿಕೊಳ್ಳಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ.

ಇವೆಲ್ಲಕ್ಕಿಂತ ಮೊದಲು ಮಾಡಬಹುದಾದ ಕೆಲಸ ಒಂದಿದೆ. ಊಟಿಗೆ ಹೋದವರು ತಂದುಕೊಟ್ಟ ಲೇಬಲ್ ಇಲ್ಲದ ನೀಲಗಿರಿ ಎಣ್ಣೆ, ಊರಿನಿಂದ ಅಮ್ಮ ಹಳೆಯ ಕೆಮ್ಮಿನ ಔಷಧದ ಬಾಟಲಿಯಲ್ಲಿ ತುಂಬಿ ಕಳಿಸಿದ ಎಣ್ಣೆ ಹೆಚ್ಚಿನ ಮನೆಗಳಲ್ಲಿ ಮಾತ್ರೆಗಳ ಡಬ್ಬಿಯಲ್ಲೇ ಇರುತ್ತದೆ. ನೋಡಲು ನೀರಿನಂತೆ. ನಡುರಾತ್ರಿ ಕೆಮ್ಮು ಬಂದು, ದೀಪ ಹಾಕದೆ ಕೈಗೆ ಸಿಕ್ಕಿದ ಬಾಟಲಿಯಿಂದ ಚಮಚಕ್ಕೆ ಸುರಿಯುವವರಿದ್ದಾರೆ. ಇಂದೇ ಆ ಬಾಟಲಿಗೆ ಒಂದು ಚೀಟಿ ಅಂಟಿಸಿ. ದೊಡ್ಡ ಅಕ್ಷರದಲ್ಲಿ, ಮನೆಯ ಹಿರಿಯರು ಓದಬಲ್ಲ ಕನ್ನಡದಲ್ಲಿ, ಕೆಲಸದ ಬಾಯಿಗೂ ತಿಳಿಯುವಂತೆ ಮರಾಠಿಯಲ್ಲಿ: "ನೀಲಗಿರಿ ಎಣ್ಣೆ. ಕುಡಿಯಬಾರದು." ಆಮೇಲೆ ಅದನ್ನು ಕೆಮ್ಮಿನ ಔಷಧದ ಪಕ್ಕದಿಂದ ತೆಗೆದು ಮೇಲಿನ ಕಪಾಟಿನಲ್ಲಿ, ಮಗುವಿನ ಕೈಗೆ ಎಟುಕದಲ್ಲಿ ಇಡಿ. ಐದು ನಿಮಿಷದ ಕೆಲಸ.